ಮೀನು ಮಾರ್ಕೆಟ್ ಹಿಂದಿನ ಮೈಲಿಗಲ್ಲು

ನಮ್ಮಪ್ಪನ ಹವ್ಯಾಸದ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಉಚ್ಚೆಯ ವಾಸನೆ. ಬರೆಯುವಂಥ ಮಾತಲ್ಲ ಅಂತ ಗೊತ್ತು. ಆದರೆ ಇದನ್ನು ಬಿಟ್ಟು ಶುರುಮಾಡಿದರೆ ಮುಂದಿನದೆಲ್ಲ ಸುಳ್ಳಾಗುತ್ತದೆ, ನಾನು ಬರೆಸಿದ ಒಂದು ಸುಳ್ಳೇ ಈ ಜನ್ಮಕ್ಕೆ ಸಾಕು. ರಾಷ್ಟ್ರೀಯ ಹೆದ್ದಾರಿಯ ಪಕ್ಕ ಕಿಲೋಮೀಟರಿಗೊಂದರಂತೆ ನೆಟ್ಟಿರುತ್ತಿದ್ದರಲ್ಲ ಆ ಕಲ್ಲು, ನೆತ್ತಿ ಹಳದಿ, ಮೈ ಬಿಳಿ, ಅದರ ಮೇಲೆ ಕಪ್ಪು ಅಕ್ಷರದಲ್ಲಿ ಊರಿನ ಹೆಸರು. ಅದು ಕಣ್ಣಿಗೆ ಬಿದ್ದ ತಕ್ಷಣ ಗಂಡಸಾದವನಿಗೆ ಮುಂಡು ಎತ್ತಬೇಕು ಅಂತ ಯಾಕನ್ನಿಸುತ್ತದೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹತ್ತು ಹೆಜ್ಜೆ ಆಚೆ ಬೇಕಾದಷ್ಟು ಪೊದೆ ಇರುತ್ತದೆ. ಇಲ್ಲ, ಕಲ್ಲೇ ಆಗಬೇಕು. ಒಂದು ಮಗ್ಗುಲಿಗೆ ಎಲೆಅಡಿಕೆ ಉಗುಳು, ಇನ್ನೊಂದು ಮಗ್ಗುಲಿಗೆ ಇದು. ಅಂಥ ಕಲ್ಲುಗಳನ್ನು ನಾನು ಹತ್ತನೆಯ ವಯಸ್ಸಿನಿಂದ ಭಾನುವಾರ ಭಾನುವಾರ ಬರಿಗೈಯಿಂದ ಮುಟ್ಟಿದ್ದೇನೆ.

ಅಪ್ಪ ನಂಜನಗೂಡಿನ ಕಡೆಯವರು. ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಸಂಸ್ಥೆಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿ ಬಂದವರು. ಮೇಲಕ್ಕೆ ಹಾರುವ ವಸ್ತುಗಳ ಬಿಡಿಭಾಗಗಳನ್ನು ವಾರವಿಡೀ ಬರೆದು, ಭಾನುವಾರ ನೆಲಕ್ಕೆ ಕಣ್ಣು ನೆಟ್ಟುಕೊಂಡು ನಡೆಯುವ ಮನುಷ್ಯ. ಉಳ್ಳೂರಿನ ನಮ್ಮ ಬಾಡಿಗೆ ಮನೆಯ ಓಣಿ ಹೋಗಿ ಸೇರುತ್ತಿದ್ದದ್ದು ಹೆದ್ದಾರಿಗೆ. ಆ ಹೆದ್ದಾರಿ ಕೊಚ್ಚಿಯ ಇಡಪ್ಪಳ್ಳಿಯಲ್ಲಿ ಇನ್ನೊಂದು ಹೆದ್ದಾರಿಯನ್ನು ಕೂಡುತ್ತದೆ, ಅದನ್ನು ಹಿಡಿದರೆ ಕಡಲ ಪಕ್ಕದಲ್ಲೇ ಮಂಗಳೂರು. ಇದನ್ನು ಕಂಡುಕೊಂಡ ದಿನದಿಂದ ಅಪ್ಪನಿಗೆ ಹುಚ್ಚು ಹತ್ತಿತು. ಒಂದು ಕಲ್ಲನ್ನೂ ಬಿಡದೆ ಬರೆದುಕೊಂಡು ಹೋದರೆ ಕೊನೆಗೆ ನಮ್ಮ ರಾಜ್ಯದ ಗಡಿ ಬಂದೇ ಬರುತ್ತದೆ ಅಂತ ಅವರ ವಾದ. ರೈಲಿನಲ್ಲಿ ಹೋದರೂ ಬರುತ್ತದೆ ಅಂತ ಅಮ್ಮ ಅಂದರೆ ಅವರಿಗೆ ಕೇಳಿಸುತ್ತಿರಲಿಲ್ಲ. ಚಾಲೈ ಬಜಾರಿನಿಂದ ಗಟ್ಟಿ ರಟ್ಟಿನ ಉದ್ದ ಪುಸ್ತಕಗಳನ್ನು ತಂದು, ಆಫೀಸಿನ ನಕ್ಷೆಗಿಂತ ನಾಜೂಕಾಗಿ ಗೆರೆ ಹಾಕಿ ಕಾಲಂಗಳನ್ನು ಮಾಡಿದ್ದರು. ಕಲ್ಲಿನ ನಂಬರು, ರಸ್ತೆಯ ಎಡಕ್ಕೋ ಬಲಕ್ಕೋ, ಬರೆದಿರುವ ಊರು ಮತ್ತು ದೂರ, ಕಲ್ಲಿನ ಸ್ಥಿತಿ, ಕಡೆಯಲ್ಲಿ 'ಮುಟ್ಟಿದವರು'. ಆ ಕಡೆಯ ಕಾಲಂ ಅಪ್ಪನ ಪ್ರಾಣ. ದೂರದಿಂದ ಕಂಡದ್ದು, ಬಸ್ಸಿನ ಕಿಟಕಿಯಿಂದ ಓದಿದ್ದು, ಯಾರೋ ಹೇಳಿದ್ದು, ಯಾವುದೂ ಆಗುವುದಿಲ್ಲ.

“ಮುಟ್ಟದೇ ಇರೋ ಕಲ್ಲು ಪುಸ್ತಕಕ್ಕೆ ಬರಕೂಡ್ದು ಪದ್ದು. ಅಷ್ಟೆ. ಬಾಕಿ ಏನು ತಪ್ಪಾದ್ರೂ ತಿದ್ಕೋಬೋದು.”

ಅವರ ಮೊಣಕಾಲು ಆಗಲೇ ಕೈಕೊಟ್ಟಿತ್ತು. ರಸ್ತೆಯಿಂದ ಕೆಳಗೆ ಚರಂಡಿಗೆ, ಮುಳ್ಳಿಗೆ, ಕೆಸರಿಗೆ ಇಳಿಯುವ ಕೆಲಸ ನನ್ನದಾಯಿತು. ಮೇಲೆ ಅಪ್ಪ ಪುಸ್ತಕ ಹಿಡಿದು ನಿಲ್ಲುವುದು, ಕೆಳಗಿನಿಂದ ನಾನು ಕಲ್ಲಿನ ಮುಖ ಒರೆಸಿ, ಅಂಗೈಯಿಟ್ಟು, ಓದಿ ಕೂಗುವುದು. ಅವರು ಬರೆದುಕೊಂಡು ಅದನ್ನೇ ತಿರುಗಿ ಓದಬೇಕು. ನಾನು “ಸರಿ” ಅನ್ನಬೇಕು. ಅಂದ ಮೇಲೆ ಕಡೆಯ ಕಾಲಮಿನಲ್ಲಿ 'ಪ' ಅಂತ ನನ್ನ ಹೆಸರಿನ ಮೊದಲಕ್ಷರ ಬೀಳುತ್ತಿತ್ತು. ಅದನ್ನು ಕಂಡು ನನಗೆ ಒಳಗೊಳಗೇ ಜಂಬವೂ ಆಗುತ್ತಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಜಂಬ ಒಂದು ನಿಮಿಷದ್ದು, ಕೈಯ ನಾತ ಸಂಜೆಯವರೆಗಿನದು. ಮಧ್ಯಾಹ್ನ ಯಾವುದೋ ಬಸ್ ತಂಗುದಾಣದ ಕಟ್ಟೆಯ ಮೇಲೆ ಕೂತು ಟಿಫನ್ ಡಬ್ಬಿ ಬಿಚ್ಚಿದರೆ, ಬಾಟಲಿಯಲ್ಲಿ ಉಳಿದಿದ್ದ ಎರಡು ಗುಟುಕು ನೀರಿನಲ್ಲಿ ಕೈ ತೊಳೆದ ಶಾಸ್ತ್ರ ಮಾಡಿ, ಅದೇ ಕೈಯಲ್ಲಿ ಮೊಸರನ್ನ. ಬಿಸಿಲಿಗೆ ಹುಳಿಯಾದ ಮೊಸರು, ಉಪ್ಪಿನಕಾಯಿ ಎಣ್ಣೆ, ಲಾರಿ ಹೊಗೆ, ನೊಣ. ಅಪ್ಪ ಸಂತೃಪ್ತಿಯಿಂದ ಬೆರಳು ನೆಕ್ಕುತ್ತಿದ್ದರು. ಥೂ.

ಮನೆಯಲ್ಲಿ ಅಮ್ಮನದು ಇದಕ್ಕೆ ಪೂರ್ತಿ ಉಲ್ಟಾ. ಮೂರು ಕೋಣೆಯ ಮನೆ, ಹಿಂದೆ ಬಾವಿ, ಬಾವಿಯ ಪಕ್ಕ ಒಗೆಯುವ ಕಲ್ಲು. ರಸ್ತೆಯಿಂದ ಬಂದವರು ಮುಂಬಾಗಿಲಿನಿಂದ ಒಳಗೆ ಬರುವಂತಿಲ್ಲ. ಸಂದಿಯಲ್ಲಿ ಹಾದು ಹಿತ್ತಿಲಿಗೆ ಹೋಗಿ, ಚಪ್ಪಲಿ ಅಲ್ಲೇ ಬಿಟ್ಟು, ಬಾವಿಕಟ್ಟೆಯ ಹತ್ತಿರ ನಿಲ್ಲಬೇಕು. ಅಮ್ಮ ತಾಮ್ರದ ಚೊಂಬಿನಲ್ಲಿ ಕೈಗೆ, ಕಾಲಿಗೆ ದೂರದಿಂದಲೇ ನೀರು ಹಾಕುತ್ತಿದ್ದಳು. ಬಟ್ಟೆ ಬೇರೆ ಬಕೆಟ್ಟಿಗೆ. ಸ್ನಾನ ಆಗುವವರೆಗೆ ನೀರು ಕೂಡ ಕುಡಿಯಲು ಕೊಡುತ್ತಿರಲಿಲ್ಲ. ಕಲ್ಲು ಒರೆಸುವ ಬಟ್ಟೆಗಂತೂ ಮನೆಯೊಳಗೆ ಜಾಗವೇ ಇಲ್ಲ, ಹಿತ್ತಿಲ ಗೋಡೆಯ ಮೊಳೆಗೆ ತೂಗುಹಾಕಿದ ಒಂದು ಡಬ್ಬದಲ್ಲಿ ಅದರ ವಾಸ. ಒಂದು ಸಲ ಹಳೆಯ ಬಟ್ಟೆ ಚಿಂದಿಯಾಗಿ ಹೋದಾಗ ಅಪ್ಪ ಟ್ರಂಕಿನಲ್ಲಿ ಕೈಗೆ ಸಿಕ್ಕಿದ ಹರಕು ಸೀರೆಯೊಂದನ್ನು ಕತ್ತರಿಸಿಕೊಂಡುಬಿಟ್ಟರು. ಅದು ಅಮ್ಮ ಪೂಜೆಗೆ ಉಡುತ್ತಿದ್ದ ಮಡಿಸೀರೆ. ಮೂರು ಭಾನುವಾರ ಕಳೆದ ಮೇಲೆ ಡಬ್ಬದಿಂದ ಇಣುಕುತ್ತಿದ್ದ ಅಂಚು ನೋಡಿ ಅವಳಿಗೆ ಗುರುತು ಸಿಕ್ಕಿತು. ಕೂಗಾಡಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಬಹಳ ಮೆತ್ತಗೆ ಕೇಳಿದಳು.

“ನಾನು ದೇವ್ರ ಮುಂದೆ ಉಟ್ಟ ಸೀರೇಲಿ ಊರವ್ರ ಉಚ್ಚೆ ಒರಸ್ತಿದೀರಾ?”

ಹರಿದಿತ್ತಲ್ಲ ಅಂತ ಅಪ್ಪ ಗೊಣಗಿದರು. ಮೂರು ದಿನ ಅಮ್ಮ ಅವರ ತಟ್ಟೆಯನ್ನು ನೆಲದ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದಳು, ಬಡಿಸುವಾಗ ಸೌಟು ತಟ್ಟೆಗೆ ತಾಕದ ಹಾಗೆ ಮೇಲಿನಿಂದ ಬಿಡುತ್ತಿದ್ದಳು. ನನಗೆ ಅಪ್ಪನ ಮೇಲೂ ಹೇಸಿಗೆ, ಅಮ್ಮನ ಮೇಲೂ ಹೇಸಿಗೆ. ಒಬ್ಬರಿಗೆ ಕೊಳಕು ಕಾಣುವುದೇ ಇಲ್ಲ, ಇನ್ನೊಬ್ಬರಿಗೆ ಅದು ಬಿಟ್ಟು ಬೇರೇನೂ ಕಾಣುವುದಿಲ್ಲ. ಇಬ್ಬರ ನಡುವೆ ನಾನು ಒದ್ದೆ ಲಂಗದಲ್ಲಿ ಬಾವಿಕಟ್ಟೆಯ ಹತ್ತಿರ ನಡುಗುತ್ತ ನಿಂತಿರುತ್ತಿದ್ದೆ.

ಈ ಹುಚ್ಚಿನಲ್ಲಿ ಅಪ್ಪನಿಗೆ ಒಬ್ಬರೇ ಒಬ್ಬ ಜೊತೆಗಾರರು, ನಮ್ಮ ಓಣಿಯ ತುದಿಯಲ್ಲಿದ್ದ ಶ್ರೀಧರನ್. ನನಗೆ ಅವರು ಶ್ರೀಧರನ್ ಮಾಮನ್, ಅಪ್ಪನಿಗೆ ಶ್ರೀಧರನ್ ಚೇಟ್ಟನ್, ಅಂದರೆ ಅಣ್ಣ. ತಂಪಾನೂರಿನ ಬಸ್ ಸ್ಟ್ಯಾಂಡಿನಿಂದ ಎರ್ನಾಕುಳಕ್ಕೆ ಹೋಗಿಬರುವ ಬಸ್ಸಿನ ಡ್ರೈವರು. ಭಾನುವಾರ ಅವರಿಗೆ ಡ್ಯೂಟಿ ಇದ್ದರೆ ನಮ್ಮ ಪುಣ್ಯ. ಸ್ಟಾಪು ಇರಲಿ ಬಿಡಲಿ, ಹೋದ ವಾರ ನಾವು ನಿಲ್ಲಿಸಿದ ಕಲ್ಲಿನ ಎದುರಿಗೇ ಬಸ್ಸು ನಿಲ್ಲಿಸಿ ಇಳಿಸುತ್ತಿದ್ದರು. ಒಳಗಿನ ಜನ ಬೈದುಕೊಂಡರೆ ಇದು ಸರ್ಕಾರಿ ಕೆಲಸ ಅಂತ ಗಂಭೀರವಾಗಿ ಹೇಳುತ್ತಿದ್ದರು. ಬುಧವಾರ ಸಂಜೆ ನಮ್ಮ ಮನೆಯ ಜಗಲಿಗೆ ಬಂದು ಕೂತು, ಪುಸ್ತಕ ಬಿಚ್ಚಿಸಿ, ಸಾಲು ಸಾಲಿಗೂ ಬೆರಳಿಟ್ಟು, ಇದು ಆಲದಮರದ ಕಲ್ಲು, ಇದು ಕಳ್ಳಂಗಡಿಯ ಕಲ್ಲು ಅಂತ ಗುರುತು ಹೇಳುವುದು ಅವರ ವಾಡಿಕೆ. ಆ ಹೊತ್ತಿನಲ್ಲಿ ಅಪ್ಪನ ಮುಖ ನೋಡಬೇಕಿತ್ತು. ಆಫೀಸಿನಲ್ಲಿ ಇಂಗ್ಲಿಷ್, ಬೀದಿಯಲ್ಲಿ ಅರೆಬರೆ ಮಲಯಾಳಂ, ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಮಲಯಾಳಂನಲ್ಲಿ ಉತ್ತರ ಕೊಡುವ ಮಗಳು. ಆ ಊರಿನಲ್ಲಿ ಅಪ್ಪನ ಮಾತನ್ನು ಕಿವಿಗೊಟ್ಟು ಕೇಳುತ್ತಿದ್ದವರು ಶ್ರೀಧರನ್ ಮಾಮನ್ ಒಬ್ಬರೇ. ಅಮ್ಮ ಅವರಿಗೆ ಕಟ್ಟನ್ ಚಾಯ ಕೊಡುತ್ತಿದ್ದಳು, ಹಾಲಿಲ್ಲದ ಕರಿ ಚಹಾ. ಆದರೆ ಆ ಲೋಟ ಬೇರೆ. ಮೀನು ತಿನ್ನುವವರು ಅಂತ ಜಗಲಿಯ ಗೂಡಿನಲ್ಲಿ ಒಂದು ಸ್ಟೀಲ್ ಲೋಟ ಅವರಿಗೆಂದೇ ಇತ್ತು, ಅದು ಒಳಗೆ ಬರುತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ಕುಡಿದು, ಅಂಗಳದ ನಲ್ಲಿಯಲ್ಲಿ ತಾವೇ ತೊಳೆದು, ಗೂಡಿನಲ್ಲಿ ಬೋರಲಾಗಿ ಇಟ್ಟು ಹೋಗುತ್ತಿದ್ದರು. ಇದನ್ನು ಬರೆಯುವಾಗ ನನಗೆ ನಮ್ಮ ಮನೆಯ ಬಗ್ಗೆಯೇ ಅಸಹ್ಯವಾಗುತ್ತಿದೆ.

ನನಗೆ ಹನ್ನೆರಡು ನಡೆಯುತ್ತಿದ್ದ ವರ್ಷ, ಕಾಯಂಕುಳ ದಾಟಿ ಎಷ್ಟೋ ದೂರ ಬಂದಿದ್ದೆವು. ಒಂದು ಭಾನುವಾರ, ಊರಿನ ಹೆಸರು ಬೇಡ, ರಸ್ತೆಗೆ ಅಂಟಿಕೊಂಡಿದ್ದ ಒಂದು ಸಣ್ಣ ಮೀನು ಮಾರ್ಕೆಟ್. ಕಲ್ಲು ಇರಬೇಕಾದದ್ದು ಅದರ ತಗಡಿನ ಶೆಡ್ಡಿನ ಹಿಂದೆ. ನಾನು ಶೆಡ್ಡನ್ನು ಸುತ್ತಿ ಹೋದೆ, ಅಪ್ಪ ರಸ್ತೆಯ ಮೇಲೇ ನಿಂತರು. ಹಿಂದೆ ಚರಂಡಿ ಇತ್ತು, ಚರಂಡಿಯಲ್ಲಿ ನೀರಿರಲಿಲ್ಲ. ಇದ್ದದ್ದು ಮೀನಿನ ಕರುಳು, ಕಿವಿರು, ಹುರುಪೆ, ಕರಗಿದ ಐಸಿನ ರಾಡಿ, ಅದರ ಮೇಲೆ ಕುದಿಯುವ ಹಾಗೆ ಹುಳು. ಒಂದು ಬೆಕ್ಕು ಅದರಲ್ಲಿ ಮುಖ ಹುದುಗಿಸಿಕೊಂಡಿತ್ತು. ಆಚೆ ದಡದಲ್ಲಿ ಹುಲ್ಲು ಎತ್ತರಕ್ಕೆ ಬೆಳೆದಿತ್ತು, ಕಲ್ಲು ಅದರೊಳಗೆ ಎಲ್ಲೋ ಇರಬೇಕು. ಇಳಿಯಬೇಕಾದರೆ ಮೊಣಕಾಲಿನವರೆಗೆ ಇದರೊಳಗೆ ಹೋಗಬೇಕು. ನಾನು ಲಂಗ ಎತ್ತಿ ಹಿಡಿದುಕೊಂಡು ಅಂಚಿನಲ್ಲಿ ನಿಂತೆ. ಆಮೇಲೆ ಥಟ್ಟನೆ ಒಂದು ವಿಷಯ ಹೊಳೆಯಿತು. ಕಲ್ಲಿನ ಮೇಲೆ ಏನು ಬರೆದಿರುತ್ತದೆ ಅಂತ ತಿಳಿಯಲು ಕಲ್ಲು ನೋಡಲೇಬೇಕಾಗಿಲ್ಲ. ಹಿಂದಿನ ಕಲ್ಲಿನ ನಂಬರಿಗೆ ಒಂದು ಕೂಡಿಸಿದರೆ ಆಯಿತು, ಮುಂದಿನ ಊರಿನ ದೂರದಲ್ಲಿ ಒಂದು ಕಳೆದರೆ ಆಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ಒಂದು ಕಲ್ಲಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮೂಗು ಮುಚ್ಚಿಕೊಂಡು ನಿಂತು, ಶೆಡ್ಡಿನ ಹಿಂದಿನಿಂದ ಕೂಗಿದೆ. ಸ್ಥಿತಿ, ನೆಟ್ಟಗಿದೆ, ಬಣ್ಣ ಇದೆ. ಅಪ್ಪ ಬರೆದುಕೊಂಡು ತಿರುಗಿ ಓದಿದರು. “ಸರಿ” ಅಂದೆ.

ಮುಂದಿನ ಬುಧವಾರ ಶ್ರೀಧರನ್ ಮಾಮನ್ ಬಂದರು. ಬೆರಳು ಸಾಲಿನ ಮೇಲೆ ಇಳಿಯುತ್ತ ಇಳಿಯುತ್ತ ಆ ಸಾಲಿಗೆ ಬಂದು ನಿಂತಿತು. ನಾನು ಜಗಲಿಯ ಮೆಟ್ಟಿಲಲ್ಲಿ ಹೋಂವರ್ಕ್ ಮಾಡುತ್ತಿದ್ದವಳು ಹಾಳೆಯಿಂದ ಪೆನ್ಸಿಲ್ ಎತ್ತಲಿಲ್ಲ.

“ಸಾರೇ, ಈ ಕಲ್ಲು ಅವಿಡೆ ಇಲ್ಲಲ್ಲೋ, ಅಲ್ಲಿಲ್ಲ. ಎಂದೋ ಕಿತ್ತುಹಾಕಿದ್ದಾರೆ. ಮಾರ್ಕೆಟ್ಟಿನ ಒಳಗೆ ಮಲಗಿಸಿಕೊಂಡು ಅದರ ಮೇಲೇ ಮೀನು ಕೊಯ್ಯುತ್ತಾರೆ. ನಿಮ್ಮ ಪುಸ್ತಕಕ್ಕೆ ಅಂತಲೇ ಮೊನ್ನೆ ಬಸ್ಸು ನಿಲ್ಲಿಸಿ, ಒಳಗೆ ಹೋಗಿ, ಈ ಕೈಯಿಂದ ಮುಟ್ಟಿ ಬಂದೆ.”

ಅವರು ತಮಾಷೆಯ ಸುದ್ದಿ ತಂದವರ ಹಾಗೆ ನಗುತ್ತಲೇ ಹೇಳಿದ್ದು. ಅಪ್ಪನೂ ಮೊದಲು ನಕ್ಕರು, ಅದು ಬೇರೆ ಕಲ್ಲಿರಬೇಕು, ಇದನ್ನು ನಮ್ಮ ಪದ್ದು ಮುಟ್ಟಿದ್ದಾಳೆ ಅಂದರು. ಬೇರೆ ಅಲ್ಲ ಸಾರೇ, ನಂಬರು ಓದಿಕೊಂಡೇ ಬಂದೆ, ಮಗು ಅಲ್ಲವೇ, ಏನೋ ತಪ್ಪಿರಬೇಕು ಅಂದರು ಅವರು. ಅಪ್ಪನ ನಗು ನಿಂತಿತು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಒಂದೇ ಮಾತು ಕೇಳಿದರು.

“ಮುಟ್ಟಿದ್ಯಾ?”

“ತೊಟ್ಟು,” ಅಂದೆ. ಮುಟ್ಟಿದೆ ಅಂತ, ಮಲಯಾಳಂನಲ್ಲಿ, ಶ್ರೀಧರನ್ ಮಾಮನ್ನರ ಮುಖ ನೋಡಿಕೊಂಡು, ಅವರಿಗೆ ಚೆನ್ನಾಗಿ ತಿಳಿಯಲಿ ಅಂತ.

ಅವರು ನನ್ನನ್ನೇ ನೋಡಿದರು. ಅವರಿಗೆ ತಿಳಿಯಿತು ಅಂತ ನನಗೂ ತಿಳಿಯಿತು. ಮೋಳೇ, ಮಗಳೇ, ಅಂತ ಬಾಯಿ ತೆರೆದವರು ಪುಸ್ತಕದಿಂದ ಬೆರಳು ತೆಗೆದರು. ಅಪ್ಪನಿಗೆ ಅಷ್ಟೊತ್ತಿಗೆ ಸಿಟ್ಟು ನೆತ್ತಿಗೇರಿತ್ತು. ಹನ್ನೆರಡು ವರ್ಷದ ಹುಡುಗಿ ಚರಂಡಿಗಿಳಿದು ಮುಟ್ಟಿ ಬರೆಸಿದ್ದನ್ನು ನೀವು ಸ್ಟೇರಿಂಗ್ ಹಿಡಿದುಕೊಂಡು ಸುಳ್ಳು ಮಾಡುತ್ತೀರಾ, ನನ್ನ ಮಗಳನ್ನು ಸುಳ್ಳುಗಾತಿ ಅನ್ನುವುದಕ್ಕೆ ನನ್ನ ಜಗಲಿಗೇ ಬಂದಿರಾ ಅಂತೆಲ್ಲ ಅಂದರು. ಶ್ರೀಧರನ್ ಮಾಮನ್ ಎದ್ದರು, ಮುಂಡು ಸರಿಮಾಡಿಕೊಂಡರು, ಓಣಿಯಲ್ಲಿ ನಡೆದು ಹೋದರು. ಲೋಟ ಜಗಲಿಯ ಮೇಲೇ ಇತ್ತು, ಅರ್ಧ ಚಹಾದ ಸಮೇತ. ಅವರು ಅದನ್ನು ತೊಳೆಯದೆ ಹೋದದ್ದು ಅದೇ ಮೊದಲು.

ಅದನ್ನು ತೊಳೆ ಅಂತ ಅಮ್ಮ ನನಗೆ ಹೇಳಿದಳು. ಬಾವಿಯ ಹತ್ತಿರ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆ. ಅವಳು ಬಂದು ಪಕ್ಕದಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತಳು. ಒಳಗೆ ಅಪ್ಪ ಇನ್ನೂ ತಮ್ಮಷ್ಟಕ್ಕೆ ಕೂಗಾಡುತ್ತಿದ್ದರು.

“ಮೀನು ಚರಂಡಿಗೆ ಇಳಿದವಳ ಲಂಗದ ಅಂಚು ಅಷ್ಟು ಬೆಳ್ಳಗಿರತ್ತೇನೆ? ಸೋಮವಾರ ಒಗೆದವಳು ನಾನು.”

ನನ್ನ ಕೈ ನಿಂತಿತು. ಅಳು ಬಂತು. ಅಪ್ಪನಿಗೆ ಹೇಳುತ್ತೇನೆ ಅಂತಲೋ, ನೀನೇ ಹೇಳು ಅಂತಲೋ ಅವಳು ಅನ್ನುತ್ತಾಳೆ ಅಂದುಕೊಂಡೆ. ಅಂದಿದ್ದರೆ ಆ ಕ್ಷಣವೇ ಓಡಿಹೋಗಿ ಒಪ್ಪಿಕೊಳ್ಳುತ್ತಿದ್ದೆ, ಇದನ್ನು ಆಣೆ ಮಾಡಿ ಹೇಳಬಲ್ಲೆ.

“ಇರ್ಲಿ ಬಿಡು. ಆ ಮನುಷ್ಯ ಬರೋದು ತಪ್ತು. ಮೀನು ನಾತ, ರಸ್ತೆ ಮಾತು, ಎರಡೂ ತಪ್ತು. ನೀನು ಬಾಯಿ ಬಿಡ್ಬೇಡ.”

ಹೀಗಂದು, ನಾನು ತೊಳೆದ ಲೋಟಕ್ಕೆ ಮೇಲಿನಿಂದ ಇನ್ನೊಂದು ಚೊಂಬು ನೀರು ಸುರಿದು ಒಳಗೆ ಹೋದಳು. ಅಮ್ಮನನ್ನು ಬೈಯುವುದು ಸುಲಭ, ಅವಳು ಈಗಿಲ್ಲ. ಅವಳಿಗೂ ಸಾಕಾಗಿತ್ತು, ಅವಳ ಭಾನುವಾರಗಳೂ ಆ ಕಲ್ಲುಗಳಿಗೇ ಹೋಗಿದ್ದವು. ಆದರೆ ಬೆರಳ ತುದಿಯ ಕೊಳೆ ಸಹಿಸದವಳು ಇದನ್ನು ಮನೆಯೊಳಗೆ ಬಿಟ್ಟುಕೊಂಡು, ಮೂವತ್ತು ವರ್ಷ ಅದರ ಜೊತೆಯಲ್ಲೇ ಉಂಡು ಮಲಗಿದಳಲ್ಲ, ನನಗೆ ಅದು ಇವತ್ತಿಗೂ ಜೀರ್ಣವಾಗಿಲ್ಲ. ನಾನೂ ಅದನ್ನೇ ಮಾಡಿದೆ ಅನ್ನುವುದು ಅದಕ್ಕಿಂತ ಹೊಲಸು.

ಆಮೇಲೆ ನಾವು ಸ್ಟಾಪಿನಲ್ಲಿ ಇಳಿದು, ಬಿಸಿಲಿನಲ್ಲಿ ಕಲ್ಲಿನವರೆಗೆ ಹಿಂದಕ್ಕೆ ನಡೆದು ಕೆಲಸ ಮುಂದುವರಿಸಿದೆವು. ನಾನು ಒಂದು ಕಲ್ಲನ್ನೂ ತಪ್ಪಿಸಲಿಲ್ಲ. ಮುಳ್ಳಿರಲಿ, ಹೇಲಿರಲಿ, ಎರಡೂ ಕೈ ಇಟ್ಟು ಮುಟ್ಟಿದೆ. ಒಂದು ಸಲ ಶ್ರೀಧರನ್ ಮಾಮನ್ನರ ಬಸ್ಸೇ ನಮ್ಮ ಪಕ್ಕ ಹಾದುಹೋಯಿತು. ಅವರು ನೆಟ್ಟಗೆ ಮುಂದೆ ನೋಡುತ್ತಿದ್ದರು, ಅಪ್ಪ ಬರೆಯಲು ಏನೂ ಇಲ್ಲದಿದ್ದರೂ ಪುಸ್ತಕಕ್ಕೆ ಬಗ್ಗಿದರು. ಇಡಪ್ಪಳ್ಳಿ ಮುಟ್ಟುವಷ್ಟರಲ್ಲಿ ಅಪ್ಪನ ಮೊಣಕಾಲು ಪೂರ್ತಿ ಸೋತಿತು, ಉಮೇದೂ ಸೋತಿತು. ಮಂಗಳೂರಿನ ದಾರಿಗೆ ಅಂತ ಗೆರೆ ಹಾಕಿಟ್ಟಿದ್ದ ಪುಸ್ತಕ ಖಾಲಿ ಉಳಿಯಿತು. ಬುಧವಾರ ಸಂಜೆ ಅವರು ಜಗಲಿಯಲ್ಲಿ ಒಬ್ಬರೇ ಕೂತಿರುತ್ತಿದ್ದರು. ಎಷ್ಟೋ ವರ್ಷದ ಮೇಲೆ ಶ್ರೀಧರನ್ ಮಾಮನ್ ತೀರಿಕೊಂಡ ಸುದ್ದಿ ಬಂದಾಗ, ಒಳ್ಳೆ ಡ್ರೈವರು, ಸುಳ್ಳೊಂದು ಹೇಳದೇ ಇದ್ದಿದ್ದರೆ ಅಂದರು. ನಾನು ಅಡುಗೆಮನೆಗೆ ಎದ್ದುಹೋದೆ.

ಈಗ ನಾನಿರುವುದು ಕೊಚ್ಚಿಯಲ್ಲಿ, ಅದೇ ಇಡಪ್ಪಳ್ಳಿಯ ಹತ್ತಿರ, ಅಪ್ಪ ನನ್ನ ಜೊತೆಗಿದ್ದಾರೆ. ಮಟ್ಟಾಂಚೇರಿಯ ಗೋದಾಮುಗಳಲ್ಲಿ ಕಾಳುಮೆಣಸಿನ ಗುಣಮಟ್ಟ ನೋಡುವ ಕೆಲಸ ನನ್ನದು. ಹತ್ತು ಮೂಟೆಗೊಂದು ನೋಡಿ ರುಜು ಹಾಕಬಹುದು, ನಾನು ಪ್ರತಿ ಮೂಟೆಗೂ ಮೊಣಕೈವರೆಗೆ ಕೈ ಹಾಕುತ್ತೇನೆ, ಹಮಾಲಿಗಳು ನನ್ನ ಬೆನ್ನ ಹಿಂದೆ ನಗುತ್ತಾರೆ. ರಸ್ತೆಯನ್ನು ಅಗಲ ಮಾಡುತ್ತಿದ್ದಾರೆ. ಬಾಲ್ಕನಿಯ ತುಂಬ ಧೂಳು, ಹಗಲೂ ರಾತ್ರಿ ಯಂತ್ರಗಳ ಅರಚಾಟ. ಹೆದ್ದಾರಿಯ ನಂಬರನ್ನಂತೂ ಯಾವತ್ತೋ ಬದಲಾಯಿಸಿಬಿಟ್ಟಿದ್ದಾರೆ, ಹಳೆಯ ಕಲ್ಲುಗಳನ್ನು ಕಿತ್ತು ಒಡೆದ ಕಾಂಕ್ರೀಟಿನ ರಾಶಿಯಲ್ಲಿ ಎಸೆದಿದ್ದಾರೆ. ಹೋದ ತಿಂಗಳು ರಸ್ತೆಗಳ ದಾಖಲೆ ಮಾಡುವ ಹವ್ಯಾಸದ ಇಬ್ಬರು ತರುಣರು ಎಲ್ಲಿಂದಲೋ ಸುದ್ದಿ ತಿಳಿದು ಅಪ್ಪನನ್ನು ಹುಡುಕಿಕೊಂಡು ಬಂದರು. ಪುಸ್ತಕಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಪ್ರತಿ ಪುಟದ ಫೋಟೋ ತೆಗೆದು ಎಲ್ಲರೂ ನೋಡುವ ಹಾಗೆ ಇಂಟರ್ನೆಟ್ಟಿಗೆ ಹಾಕುತ್ತೇವೆ, ಶನಿವಾರ ಬರುತ್ತೇವೆ ಅಂದರು. ಈ 'ಪ' ಯಾರು ಅಂತ ಒಬ್ಬ ಕೇಳಿದ. ನನ್ನ ಮಗಳು, ಈ ಪುಸ್ತಕದಲ್ಲಿ ನನ್ನ ಕೈಗಿಂತ ಅವಳ ಕೈ ಮೇಲು ಅಂದರು ಅಪ್ಪ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಸೆಟೆದು ಕೂತುಕೊಂಡು.

ಅವರು ಹೋದ ಮೇಲೆ ಊಟಕ್ಕೆ ಕೂತಾಗ ಹೇಳಿದೆ.

“ಅಪ್ಪ, ಮೀನು ಮಾರ್ಕೆಟ್ ಹಿಂದಿನ ಕಲ್ಲು ನಾನು ಮುಟ್ಲಿಲ್ಲ.”

ಯಾವ ಮಾರ್ಕೆಟ್ ಅಂತ ಅವರು ಕೇಳಲಿಲ್ಲ. ನಿಮ್ಮಮ್ಮನಿಗೆ ಗೊತ್ತಿತ್ತಾ ಅಂದರು. ಗೊತ್ತಿತ್ತು ಅಂದೆ. ತಟ್ಟೆಯಲ್ಲಿದ್ದ ಮೊಸರನ್ನವನ್ನು ನಿಧಾನವಾಗಿ, ಒಂದು ಅಗುಳೂ ಬಿಡದೆ ಉಂಡು ಮುಗಿಸಿದರು.

“ಇನ್ನೆಷ್ಟು?”

“ಅದೊಂದೇ ಅಪ್ಪ.”

“ಅದನ್ನ ನಾನು ಹೇಗೆ ನಂಬ್ಲಿ?”

ಆಮೇಲೆ ಕೆಂಪು ಪೆನ್ನು, ಅಡಿಕೋಲು ತರಿಸಿದರು. ಅವರಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ. ನಾನು 'ಪ' ಇರುವ ಒಂದೊಂದೇ ಸಾಲನ್ನು ಓದಬೇಕು, ಬೆರಳಿಟ್ಟು ತೋರಿಸಬೇಕು, ಅವರು ಅಡಿಕೋಲಿಟ್ಟು ಆ ಸಾಲನ್ನು ಹೊಡೆದುಹಾಕಬೇಕು, ಪ್ರತಿ ಸಲವೂ ನಾನು “ಸರಿ” ಅನ್ನಬೇಕು. ಮೂರು ಮಧ್ಯಾಹ್ನ ಹಿಡಿಯಿತು. ನಿಜವಾಗಿ ಮುಟ್ಟಿದ ಕಲ್ಲುಗಳು ಅಪ್ಪ, ಇವು ಇರಲಿ ಅಂತ ಎರಡನೆಯ ದಿನ ಬೇಡಿಕೊಂಡೆ. ಮುಂದಿನದು ಓದು ಅಂದರು. ಹೆದ್ದಾರಿಯ ಹೆಚ್ಚುಕಡಿಮೆ ಎಲ್ಲ ಕಲ್ಲೂ ನನ್ನವೇ, ಎಲ್ಲವೂ ಹೋದವು. ಮೀನು ಮಾರ್ಕೆಟ್ಟಿನದನ್ನು ಕೊನೆಗೆ ಇಟ್ಟುಕೊಂಡಿದ್ದರು. ಅದನ್ನು ಹೊಡೆದು, ಅದರ ಕೆಳಗಿನ ಸಂದಿಯಲ್ಲಿ ಸಣ್ಣದಾಗಿ ಬರೆ ಅಂತ ಪೆನ್ನು ನನ್ನ ಕೈಗೆ ಕೊಟ್ಟರು. ಅವರು ಹೇಳುತ್ತ ಹೋದರು, ನಾನು ಬರೆದೆ. ಸ್ಥಿತಿ: ಕಿತ್ತಿದೆ, ಮಾರ್ಕೆಟ್ಟಿನ ಒಳಗೆ ಮಲಗಿಸಿದೆ, ಮೇಲೆ ಮೀನು ಕೊಯ್ಯುತ್ತಾರೆ. ಮುಟ್ಟಿದವರು: ಶ್ರೀಧರನ್. ಮೊದಲಕ್ಷರ ಸಾಲದು, ಪೂರ್ತಿ ಬರೆ ಅಂದರು. ತಿರುಗಿ ಓದಿಸಿದರು. ಓದಿದೆ. ಈ ಸಲ “ಸರಿ” ಅಂದವರು ಅವರು. ಪುಸ್ತಕ ಮುಚ್ಚಿ ಮೇಜಿನ ಆಚೆ ಬದಿಗೆ ಸರಿಸಿದರು, ನನ್ನ ಕೈಗೆ ಎಟುಕದಷ್ಟು ದೂರಕ್ಕೆ.

“ಹೋಗು, ಕೈ ತೊಳ್ಕೊಂಡು ಬಾ,” ಅಂದರು.